ಕೋಳಿಸಾರಿಗೆ ಯಾವ ವೈನ್? ಮೂಡಿಗೆರೆ ರಸ್ತೆಯ ತೋಟದ ಮನೆಯಲ್ಲಿ ಐದು ಬಾಟಲಿ ರುಚಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಕಡುಬು-ಕೋಳಿಸಾರಿನ ಜೊತೆಗೆ ವೈನ್ ತರಬೇಕು ಅಂತಿದ್ದರೆ ರೆಡ್ ವೈನ್ ತರಬೇಡಿ. ಸುಲಾ ಕಂಪನಿಯವರ ಶೆನಿನ್ ಬ್ಲಾಂ ಅನ್ನುವ ವೈಟ್ ವೈನ್ ತನ್ನಿ, ಫ್ರಿಜ್‌ನಲ್ಲಿ ಮೂರು ಗಂಟೆ ಇಡಿ, ಆಮೇಲೆ ಕುಡಿಯಿರಿ. ಇಷ್ಟು ತಿಳಿದುಕೊಳ್ಳಲು ನಮಗೆ ಒಂದು ಇಡೀ ರಾತ್ರಿ, ಐದು ಬಾಟಲಿ ಮತ್ತು ಕೆಟ್ಟುಹೋದ ಇನ್ನೊಂದು ಬಾಟಲಿ ಬೇಕಾಯಿತು.

ಕಳೆದ ಡಿಸೆಂಬರ್‌ನ ಮಾತು. ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಹೋಗುವ ರಸ್ತೆಯಲ್ಲಿ ಗೆಳೆಯನ ತೋಟದ ಮನೆ ಇದೆ. ಅರೇಬಿಕಾ ಕುಯ್ಲು ನಡೆಯುತ್ತಿತ್ತು, ಕಣದ ತುಂಬ ಕಾಫಿ ಹರಡಿದ್ದರು. ನಾವು ಆರು ಜನ, ಜೊತೆಗೆ ಗೆಳೆಯನ ಅಮ್ಮ. ಎಲ್ಲರೂ ರಾತ್ರಿ ಅಲ್ಲೇ ಉಳಿಯುವುದು ಅಂತ ಮೊದಲೇ ಮಾತಾಗಿತ್ತು, ಆ ತಿರುವುಗಳಲ್ಲಿ ಕುಡಿದು ಗಾಡಿ ಓಡಿಸುವ ಪ್ರಶ್ನೆಯೇ ಇರಲಿಲ್ಲ. ಖರ್ಚನ್ನು ಆರು ಜನ ಹಂಚಿಕೊಂಡೆವು, ತಲೆಗೆ ಸಾವಿರದ ಒಳಗೇ ಬಂತು.

ನಮ್ಮ ಆರು ಜನರಲ್ಲಿ ಮೂವರಿಗೆ ಕಾಫಿ ರುಚಿ ನೋಡಿ ಅಭ್ಯಾಸ ಇದೆ. ಕಪ್ಪಿಂಗ್ ಅಂತಾರಲ್ಲ, 8.25 ಗ್ರಾಂ ಪುಡಿಗೆ 150 ಮಿಲಿ ಬಿಸಿ ನೀರು ಹಾಕಿ, ನಾಲ್ಕು ನಿಮಿಷ ಬಿಟ್ಟು, ಮೇಲಿನ ಪದರ ಒಡೆದು ಮೂಸಿ, ಆಮೇಲೆ ಚಮಚದಲ್ಲಿ ಸೊರ್ ಅಂತ ಜೋರಾಗಿ ಎಳೆದುಕೊಳ್ಳುವುದು. ವೈನಿಗೂ ಹೆಚ್ಚುಕಡಿಮೆ ಅದೇ ಕ್ರಮ. ಬಾಯಿಗೆ ಒಂದು ಗುಟುಕು ತಗೊಂಡು ತುಟಿಯ ಸಂದಿಯಿಂದ ಸ್ವಲ್ಪ ಗಾಳಿ ಎಳೆದುಕೊಂಡರೆ ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ನಾವು ರುಚಿ ಅಂತ ಕರೆಯುವುದರಲ್ಲಿ ಮೂಗಿನ ಪಾಲೇ ಜಾಸ್ತಿ. ಕಾಫಿ ಸೀಮೆಯವರಿಗೆ ವೈನ್ ಅರ್ಥವಾಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹುಳಿ, ಒಗರು, ಕಹಿ ಬೇರೆ ಬೇರೆ ಮಾಡಿ ಹೇಳುವುದು ನಮ್ಮಲ್ಲಿ ದಿನದ ಕೆಲಸ. ಒಂದೇ ಕಷ್ಟ ಅಂದರೆ ಆ ಸಂಜೆ ನಾಲ್ಕರ ನಂತರ ಯಾರೂ ಕಾಫಿ ಕುಡಿಯಬಾರದು ಅಂತ ಕಟ್ಟು ಮಾಡಿಕೊಂಡಿದ್ದು. ಡಿಕಾಕ್ಷನ್ ನಾಲಿಗೆಯ ಮೇಲೆ ಕೂತರೆ ವೈನಿನ ಸಣ್ಣ ಪರಿಮಳಗಳು ಸಿಗುವುದೇ ಇಲ್ಲ.

ಗ್ಲಾಸಿನ ವಿಷಯ ಒಂದು ಮಾತು. ಹೊಟ್ಟೆ ಅಗಲ ಇದ್ದು ಬಾಯಿ ಕಿರಿದಾದ ವೈನ್ ಗ್ಲಾಸು ನಾಲ್ಕೇ ಇದ್ದವು, ಉಳಿದವರು ಜ್ಯೂಸ್ ಗ್ಲಾಸಿನಲ್ಲಿ ಕುಡಿದರು. ಅದೇ ವೈನ್, ಅದೇ ಬಾಟಲಿ, ಆದರೂ ಜ್ಯೂಸ್ ಗ್ಲಾಸಿನಲ್ಲಿ ಪರಿಮಳ ಅರ್ಧಕ್ಕರ್ಧ ಇಲ್ಲ. ಗ್ಲಾಸು ಅದಲುಬದಲು ಮಾಡಿಕೊಂಡು ನೋಡಿದ ಮೇಲೆ ಎಲ್ಲರೂ ಒಪ್ಪಿದರು. ಒಬ್ಬೊಬ್ಬರಿಗೆ 60 ಮಿಲಿ ಹಾಕಿದರೆ ರುಚಿ ನೋಡಲು ಸಾಕು, 750 ಮಿಲಿ ಬಾಟಲಿಯಲ್ಲಿ ಹನ್ನೆರಡು ಸಲ ಬರುತ್ತದೆ.

ಮೊದಲು ತೆಗೆದಿದ್ದು ಸುಲಾ ಸೊವಿನ್ಯೋ ಬ್ಲಾಂ, ಇದೂ ವೈಟ್ ವೈನೇ. ಸುಲಾ ನಾಸಿಕ್‌ನ ಕಂಪನಿ, 1999ರಲ್ಲಿ ಶುರುವಾಗಿದ್ದು, ನಮ್ಮ ಚನ್ನಪಟ್ಟಣದ ಹತ್ತಿರವೂ ಅವರದ್ದೊಂದು ಘಟಕ ಇದೆ. ಈ ಸೊವಿನ್ಯೋ ದ್ರಾಕ್ಷಿಯಲ್ಲಿ ಒಂದು ಹಸಿರು ವಾಸನೆ ಇರುತ್ತದೆ, ದೊಣ್ಣೆಮೆಣಸಿನಕಾಯಿ ಕತ್ತರಿಸಿದಾಗ ಬರುವಂಥದ್ದು. ಸುಮ್ನೆ ಹೋಲಿಕೆ ಅಲ್ಲ ಇದು, ಎರಡರಲ್ಲೂ ಇರುವ ಪದಾರ್ಥ ಒಂದೇ ಜಾತಿಯದ್ದು, ಪೈರಜೀನ್ ಅಂತ ಅದರ ಹೆಸರು. ನಾವು ಇದನ್ನು ಬಂಗುಡೆ ಫ್ರೈಗೆ ಅಂತ ಇಟ್ಟುಕೊಂಡಿದ್ದೆವು. ಬೆಳಿಗ್ಗೆ ಚಾರ್ಮಾಡಿ ಹತ್ತಿ ಬಂದ ಮೀನು, ಮಸಾಲೆ ಹಚ್ಚಿ ಕಾವಲಿಯ ಮೇಲೆ ಕಾಯಿಸಿ, ಮೇಲೆ ನಿಂಬೆರಸ. ಜೋಡಿ ಚೆನ್ನಾಗಿಯೇ ಇತ್ತು. ಊಟದಲ್ಲಿ ಹುಳಿ ಇದ್ದರೆ ವೈನಿನಲ್ಲೂ ಅಷ್ಟೇ ಹುಳಿ ಇರಬೇಕು, ಇಲ್ಲದಿದ್ದರೆ ವೈನ್ ಸಪ್ಪೆ ಅನ್ನಿಸುತ್ತದೆ. ಇದರಲ್ಲಿ ಹುಳಿಗೆ ಕೊರತೆ ಇಲ್ಲ.

ಆದರೆ ಇದರ ನಿಜವಾದ ಜೋಡಿ ಸಿಕ್ಕಿದ್ದು ಬೇರೆ ಕಡೆ. ನಮ್ಮಲ್ಲಿ ಒಬ್ಬಳು ಮಾಂಸ ತಿನ್ನುವುದಿಲ್ಲ. ಅವಳಿಗೆ ಅಂತ ಅಮ್ಮ ಹಿತಕಿದ ಬೇಳೆ ಸಾರು ಮಾಡಿದ್ದರು, ಹೊಸ ಅವರೆಕಾಯಿ, ತೆಂಗಿನಕಾಯಿ, ಕೊತ್ತಂಬರಿ ಸೊಪ್ಪು. ಡಿಸೆಂಬರ್ ಅವರೆಯ ಸೊಗಡು ಗೊತ್ತಲ್ಲ, ಬೇಯುತ್ತಿದ್ದರೆ ಮನೆಯ ಬಾಗಿಲಿಗೇ ಬರುತ್ತದೆ. ಅವಳು ಒಂದು ತುತ್ತು ತಿಂದು, ಒಂದು ಗುಟುಕು ಕುಡಿದು, ಏನೂ ಹೇಳದೆ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ಅವರೆಯ ಸೊಗಡು, ವೈನಿನ ಹಸಿರು ವಾಸನೆ ಒಂದಕ್ಕೊಂದು ಕೈಹಿಡಿದ ಹಾಗಿತ್ತು. ಸಾರು ಇನ್ನೂ ಹೊಸದಾಗಿ ಕಂಡಿತು. ಆರೂ ಜನ ಅವಳ ಬಟ್ಟಲಿನಿಂದಲೇ ತಿಂದೆವು, ಅಮ್ಮ ಮತ್ತೆ ಒಲೆ ಮೇಲೆ ಸಾರು ಇಡಬೇಕಾಯಿತು. ಅವರೆಕಾಯಿ ಕಾಲದಲ್ಲಿ ಈ ಬಾಟಲಿಯನ್ನು ನಾನು ಖಂಡಿತ ಮತ್ತೆ ತರುತ್ತೇನೆ. ಹಾಸನದ ಕಡೆಯವರು, ಮೈಸೂರಿನವರು ದಯವಿಟ್ಟು ಇದನ್ನು ಒಮ್ಮೆ ಮಾಡಿ ನೋಡಿ.

ಇನ್ನು ಕೋಳಿಸಾರು. ನಾಟಿ ಕೋಳಿ, ಬ್ಯಾಡಗಿ ಮತ್ತು ಗುಂಟೂರು ಮೆಣಸಿನಕಾಯಿ ಹುರಿದು ರುಬ್ಬಿದ ಮಸಾಲೆ, ಜೊತೆಗೆ ಬಿಸಿ ಕಡುಬು. ಇದಕ್ಕೆ ನಾವು ತೆಗೆದಿದ್ದು ಗ್ರೋವರ್ ಝಾಂಪಾದ ಲಾ ರಿಸರ್ವ್. ಎಲ್ಲರಿಗೂ ಇದರ ಮೇಲೆ ತುಂಬಾ ಆಸೆ ಇತ್ತು, ಯಾಕೆಂದರೆ ಇದು ನಮ್ಮ ರಾಜ್ಯದ್ದು. 1988ರಲ್ಲಿ ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ಕುಟುಂಬದವರು ಫ್ರೆಂಚ್ ದ್ರಾಕ್ಷಿ ತಳಿ ತಂದು ಶುರು ಮಾಡಿದ ಕಂಪನಿ. ಫ್ರಾನ್ಸಿನ ಹೆಸರಾಂತ ವೈನ್ ಸಲಹೆಗಾರ ಮಿಶೆಲ್ ರೋಲಾಂ ಇವರಿಗೆ ಮಾರ್ಗದರ್ಶನ ಕೊಟ್ಟವರು. ಲಾ ರಿಸರ್ವ್ ಅನ್ನುವುದು ಕ್ಯಾಬರ್ನೆ ಸೊವಿನ್ಯೋ ಮತ್ತು ಶಿರಾಜ್ ಅನ್ನುವ ಎರಡು ದ್ರಾಕ್ಷಿ ತಳಿ ಬೆರೆಸಿ, ಓಕ್ ಪೀಪಾಯಿಯಲ್ಲಿ ಇಟ್ಟು ಹದ ಮಾಡಿದ ರೆಡ್ ವೈನ್.

ಕೋಳಿಸಾರಿನ ಜೊತೆ ಅದು ಹೊಂದಲೇ ಇಲ್ಲ. ವೈನ್ ಚೆನ್ನಾಗಿಲ್ಲ ಅಂತಲ್ಲ, ಜೋಡಿ ಸರಿ ಇಲ್ಲ. ಒಂದು ತುತ್ತು ಸಾರು, ಒಂದು ಗುಟುಕು ವೈನ್, ಅಷ್ಟೇ, ಬಾಯಿ ಉರಿ ಹತ್ತಿಕೊಂಡಿತು. ಗೆಳೆಯನ ಅಮ್ಮ ಒಂದು ಗುಟುಕು ರುಚಿ ನೋಡಿ ನಾಲಿಗೆಯನ್ನು ಮೇಲ್ದವಡೆಗೆ ಒತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದು ನೇರಳೆ ಹಣ್ಣು ತಿಂದ ಹಾಗೆ ಆಯ್ತು ಕಣೋ, ನಾಲಿಗೆ ಒಣಗಿ ಹೋಯ್ತು. ಖಾರದ ಮೇಲೆ ಒಗರು ಯಾರಾದ್ರೂ ತಿಂತಾರಾ?" ಅಂದರು.

ವೈನ್ ಬಗ್ಗೆ ಎಷ್ಟೋ ಓದಿದ್ದೇನೆ, ಇಷ್ಟು ಸರಿಯಾಗಿ ಯಾರೂ ಹೇಳಿದ್ದು ನೆನಪಿಲ್ಲ. ಆ ಒಗರೇ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆಯಿಂದ, ಬೀಜದಿಂದ, ಓಕ್ ಮರದಿಂದ ಬರುವಂಥದ್ದು. ನೇರಳೆ ಹಣ್ಣಿನಲ್ಲಿ, ಎಳೆ ಅಡಿಕೆಯಲ್ಲಿ, ಜಾಸ್ತಿ ಕುದಿಸಿದ ಚಹಾದಲ್ಲಿ ಇರುವುದೂ ಇದೇ ಗುಣ. ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರುತನ ತೆಗೆದುಬಿಡುತ್ತದೆ, ಅದಕ್ಕೇ ಒಣಗಿದ ಹಾಗೆ ಆಗುವುದು. ಮೆಣಸಿನಕಾಯಿ ಉರಿಯುತ್ತಿರುವ ನಾಲಿಗೆಗೆ ಈ ಒಗರು ಸಿಕ್ಕರೆ ಒರಟು ಅನ್ನಿಸುತ್ತದೆ, ಮೇಲಿಂದ ಆಲ್ಕೋಹಾಲ್ ಆ ಉರಿಯನ್ನು ಇನ್ನೂ ಏರಿಸುತ್ತದೆ.

ಆಗ ಫ್ರಿಜ್‌ನಿಂದ ಶೆನಿನ್ ಬ್ಲಾಂ ತೆಗೆದೆವು. ಮೊದಲು ಅದನ್ನು ಹಪ್ಪಳದ ಜೊತೆ ಕುಡಿದು ಮುಗಿಸುವ ಯೋಚನೆ ಇತ್ತು. ಇದರಲ್ಲಿ ಒಂಚೂರು ಸಿಹಿ ಉಳಿಸಿರುತ್ತಾರೆ, ಒಗರು ಇಲ್ಲವೇ ಇಲ್ಲ ಅನ್ನಬಹುದು. ಮೂಗಿಗೆ ಅನಾನಸ್, ಪೇರಲೆ. ಕೋಳಿಸಾರಿನ ಖಾರದ ಮೇಲೆ ಇದು ಇಳಿದಾಗ ಉರಿ ತಗ್ಗಿತು, ಆದರೆ ಮಸಾಲೆಯ ರುಚಿ ಹೋಗಲಿಲ್ಲ. ಹುರಿದ ಧನಿಯಾ, ತೆಂಗಿನಕಾಯಿ ಎಲ್ಲ ಬಿಡಿಬಿಡಿಯಾಗಿ ಗೊತ್ತಾದವು. ಖಾರದ ಊಟದ ಕೊನೆಗೆ ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುವುದಿಲ್ಲವಾ, ಅದೇ ಕೆಲಸ ಇಲ್ಲಿ ವೈನ್ ಮಾಡಿತು. ಐದು ಬಾಟಲಿಯಲ್ಲಿ ಮೊದಲು ಖಾಲಿಯಾಗಿದ್ದು ಇದೇ, ಕೆಲವರು ಎರಡನೇ ಸಲ ಕೇಳಿದಾಗ ಕೊಡಲು ಇರಲಿಲ್ಲ. ಆರು ಜನರಿಗಾದರೆ ಎರಡು ಬಾಟಲಿ ತನ್ನಿ.

ಬಿಳಿ ಮಾಂಸಕ್ಕೆ ವೈಟ್, ಕೆಂಪು ಮಾಂಸಕ್ಕೆ ರೆಡ್ ಅನ್ನುವ ಸೂತ್ರ ನಮ್ಮ ಅಡುಗೆಗೆ ಕೂರುವುದಿಲ್ಲ ಅಂತ ನನಗೆ ಗಟ್ಟಿಯಾಗಿದ್ದು ಅಲ್ಲಿ. ನಮ್ಮಲ್ಲಿ ಮಾಂಸದ ಬಣ್ಣ ಮಸಾಲೆಯ ಕೆಳಗೆ ಇರುತ್ತದೆ. ಮಸಾಲೆ ಏನು, ಖಾರ ಯಾವುದರದ್ದು, ಹುಳಿ ಎಷ್ಟು, ಕಾಯಿ ಹಾಕಿದ್ದಾರಾ, ಇದನ್ನು ನೋಡಿ ಬಾಟಲಿ ಆರಿಸಬೇಕು.

ಖಾರ ಯಾವುದರದ್ದು ಅಂತ ಯಾಕೆ ಹೇಳಿದೆ ಅಂದರೆ ಮುಂದಿನ ತಟ್ಟೆ ಹಂದಿ ಫ್ರೈ. ಇದರಲ್ಲಿ ಮೆಣಸಿನಕಾಯಿ ಕಡಿಮೆ, ತೋಟದ ಕಾಳುಮೆಣಸು ಜಾಸ್ತಿ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯದ್ದು, ಆಗಷ್ಟೇ ಒರಳಿನಲ್ಲಿ ದಪ್ಪಗೆ ಕುಟ್ಟಿದ್ದು. ಇದಕ್ಕೆ ಸುಲಾದ ದಿಂಡೋರಿ ರಿಸರ್ವ್ ಶಿರಾಜ್ ಅನ್ನುವ ರೆಡ್ ವೈನ್. ಶಿರಾಜ್ ದ್ರಾಕ್ಷಿಯ ವಿಶೇಷ ಏನೆಂದರೆ ಅದರಲ್ಲಿ ಕಾಳುಮೆಣಸಿನ ವಾಸನೆ ಇರುತ್ತದೆ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಅದಕ್ಕೆ ಕಾರಣ ರೊಟಂಡೋನ್ ಎಂಬ ಪದಾರ್ಥ ಅಂತ ತೋರಿಸಿದರು, ನಮ್ಮ ಕಾಳುಮೆಣಸಿನ ಕಂಪಿಗೂ ಅದೇ ಮೂಲ. ಸುಮಾರು ಐವರಲ್ಲಿ ಒಬ್ಬರಿಗೆ ಈ ವಾಸನೆ ಗೊತ್ತೇ ಆಗುವುದಿಲ್ಲ ಅಂತಲೂ ಅವರು ಕಂಡುಕೊಂಡರು. ನಮ್ಮ ಗುಂಪಿನಲ್ಲೂ ಒಬ್ಬನಿಗೆ ಎಷ್ಟು ಮೂಸಿದರೂ ಸಿಗಲಿಲ್ಲ, ಅವನಿಗೆ ಬರೀ ಹಣ್ಣಿನ ವಾಸನೆ ಬಂತು.

ಉಳಿದವರಿಗೆ ಸಿಕ್ಕಿತು. ಕುಟ್ಟಿದ ಮೆಣಸಿನ ಒರಳಿಗೆ ಒಮ್ಮೆ ಮೂಗು ಇಟ್ಟು, ಆಮೇಲೆ ಗ್ಲಾಸಿಗೆ ಇಟ್ಟೆ. ಒಂದರ ನೆರಳು ಇನ್ನೊಂದರಲ್ಲಿ ಸ್ಪಷ್ಟವಾಗಿ ಇತ್ತು. ಇದರಲ್ಲೂ ಒಗರು ಇದೆ, ಆದರೆ ಹಂದಿಯ ಕೊಬ್ಬು, ಉಪ್ಪು ಎರಡೂ ಸೇರಿ ಆ ಒಗರನ್ನು ಮೆತ್ತಗೆ ಮಾಡಿಬಿಟ್ಟವು. ಅಂಚು ಗರಿಯಾದ ಒಂದು ತುಂಡು ಕೊಬ್ಬನ್ನು ಅಕ್ಕಿರೊಟ್ಟಿಯಲ್ಲಿ ಸುತ್ತಿ ತಿಂದು ಈ ವೈನ್ ಕುಡಿದಾಗ ನಾಲಿಗೆಯ ಮೇಲಿನ ಜಿಡ್ಡು ತೊಳೆದು ಹೋಗಿ ಮುಂದಿನ ತುತ್ತಿಗೆ ಬಾಯಿ ಸಿದ್ಧ. ಆ ರಾತ್ರಿಯ ಅತ್ಯುತ್ತಮ ಜೋಡಿ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ, ಹಿತಕಿದ ಬೇಳೆಗೆ ಎರಡನೇ ಸ್ಥಾನ. ಮಾಂಸ ತಿನ್ನದ ಗೆಳತಿಯ ಲೆಕ್ಕದಲ್ಲಿ ಹಿತಕಿದ ಬೇಳೆಯೇ ಮೊದಲು.

ರೆಡ್ ವೈನನ್ನು ಕೋಣೆಯ ಬಿಸಿಯಲ್ಲಿ ಕುಡಿಯಬೇಕು ಅನ್ನುವ ಮಾತು ಯುರೋಪಿನ ಚಳಿ ಮನೆಗಳದ್ದು, 16ರಿಂದ 18 ಡಿಗ್ರಿ ಅಂತ ಅದರ ಅರ್ಥ. ಡಿಸೆಂಬರ್ ರಾತ್ರಿ ಮಲೆನಾಡಿನ ಜಗಲಿಯಲ್ಲಿ ಬಾಟಲಿ ಇಟ್ಟರೆ ಅದೇ ಹದಕ್ಕೆ ಬರುತ್ತದೆ. ಬೇಸಿಗೆಯಲ್ಲಾದರೆ ರೆಡ್ ವೈನನ್ನೂ ಕುಡಿಯುವ ಮೊದಲು ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಡಿ.

ಕೆಟ್ಟ ಬಾಟಲಿಯ ಕಥೆ ಹೇಳಲೇಬೇಕು. ಅದೊಂದನ್ನು ಕೊನೆಯ ಗಳಿಗೆಯಲ್ಲಿ ದಾರಿಯಲ್ಲಿನ ಒಂದು ಅಂಗಡಿಯಿಂದ ತಂದಿದ್ದೆವು. ಮೇಲಿನ ಸಾಲಿನಲ್ಲಿ, ಬಿಸಿಲು ಬೀಳುವ ಜಾಗದಲ್ಲಿ ನಿಲ್ಲಿಸಿಟ್ಟಿದ್ದರು. ಮನೆಗೆ ಬಂದು ನೋಡಿದರೆ ಕಾರ್ಕ್ ಒಂದು ಕೂದಲೆಳೆ ಮೇಲೆ ಬಂದಿತ್ತು, ಕತ್ತಿನ ಸುತ್ತ ಅಂಟಂಟು. ಗ್ಲಾಸಿಗೆ ಹಾಕಿದರೆ ಕೆಂಪು ಹೋಗಿ ಇಟ್ಟಿಗೆ ಬಣ್ಣ, ವಾಸನೆ ಜಾಸ್ತಿ ಕುದಿಸಿದ ಜಾಮಿನದ್ದು. ಬಿಸಿಗೆ ವೈನ್ ಬೆಂದು ಹೋಗಿತ್ತು. ಮಾಡಿದ ಕಂಪನಿಯ ತಪ್ಪು ಅಲ್ಲ ಇದು. ಮಾರನೇ ದಿನ ಹಿಂದೆ ತಗೊಂಡು ಹೋದರೆ ಅಂಗಡಿಯವರು ಬದಲಿಸಿ ಕೊಡಲಿಲ್ಲ. ನನಗೆ ತುಂಬಾ ಬೇಜಾರಾಯಿತು. ಒಬ್ಬರು ವರ್ಷವಿಡೀ ತೋಟ ನೋಡಿ, ದ್ರಾಕ್ಷಿ ಕುಯ್ದು, ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಕಾದು ಮಾಡಿದ ವಸ್ತು ಅದು. ಹಣ್ಣಿನ ಸಿಪ್ಪೆ ಬಿಡಿಸಿ ಒಣಗಲು ಹಾಕಿದ ಪಾರ್ಚ್‌ಮೆಂಟ್ ಕಾಫಿ ಮಳೆಗೆ ನೆಂದರೆ ನಮಗೆ ಎಷ್ಟು ಹೊಟ್ಟೆ ಉರಿಯುತ್ತದೆ, ಅಷ್ಟೇ ಅವರಿಗೂ ಅಲ್ವಾ. ಕೊಳ್ಳುವಾಗ ಕಾರ್ಕ್ ಬಾಟಲಿಯ ಅಂಚಿಗೆ ಸಮ ಇದೆಯಾ ಅಂತ ಬೆರಳಿಟ್ಟು ನೋಡಿ, ಕಿಟಕಿ ಪಕ್ಕದ್ದು ಬಿಟ್ಟು ಒಳಗಿನ ನೆರಳಿನದ್ದು ಕೇಳಿ, ವೈಟ್ ವೈನ್ ಆದರೆ ಲೇಬಲ್ ಮೇಲಿನ ವರ್ಷ ನೋಡಿ, ಹೊಸದಿದ್ದಷ್ಟೂ ಒಳ್ಳೆಯದು.

ಊಟದ ಕೊನೆಗೆ ಒತ್ತು ಶಾವಿಗೆ, ಕಾಯಿಹಾಲು. ಇದಕ್ಕೆ ಸುಲಾ ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂ, 375 ಮಿಲಿಯ ಚಿಕ್ಕ ಬಾಟಲಿ. ದ್ರಾಕ್ಷಿಯನ್ನು ಬಳ್ಳಿಯಲ್ಲೇ ಜಾಸ್ತಿ ದಿನ ಬಿಟ್ಟು, ಸಕ್ಕರೆ ಗಟ್ಟಿಯಾದ ಮೇಲೆ ಕುಯ್ದು ಮಾಡುವುದು. ತಿನ್ನುವ ಸಿಹಿಗಿಂತ ವೈನಿನ ಸಿಹಿ ಒಂದು ಕೈ ಮೇಲಿರಬೇಕು, ಇಲ್ಲದಿದ್ದರೆ ವೈನ್ ಹುಳಿ ಹೊಡೆಯುತ್ತದೆ. ಅಮ್ಮ ಕಾಯಿಹಾಲಿಗೆ ಬೆಲ್ಲ ಹದವಾಗಿ ಹಾಕಿದ್ದರು, ಹಾಗಾಗಿ ಗೆದ್ದೆವು. ಏಲಕ್ಕಿ, ಜೇನಿನಂಥ ಆ ವೈನ್, ಎರಡೂ ಒಟ್ಟಿಗೆ ಚೆನ್ನ. ಜಾಮೂನಿನ ಜೊತೆ ಮಾತ್ರ ಇದನ್ನು ಇಡಬೇಡಿ.

ಲಾ ರಿಸರ್ವ್‌ಗೆ ಅನ್ಯಾಯ ಆಗಬಾರದು. ಅರ್ಧ ಬಾಟಲಿ ಹಾಗೇ ಉಳಿದಿತ್ತು. ಊಟವೆಲ್ಲ ಮುಗಿದು ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಕೂತಾಗ, ಮುಚ್ಚಳ ತೆಗೆದು ಎರಡು ಗಂಟೆ ಆಗಿತ್ತು, ಮತ್ತೆ ಕುಡಿದರೆ ಬೇರೆಯದೇ ವೈನ್. ಗಾಳಿ ತಾಗಿ ಒಗರು ಇಳಿದಿತ್ತು, ಒಣಹಣ್ಣು, ಸ್ವಲ್ಪ ಹೊಗೆ, ಹಳೇ ಮರದ ಪೆಟ್ಟಿಗೆಯ ವಾಸನೆ. ಊಟ ಇಲ್ಲದೆ, ಖಾರ ಇಲ್ಲದೆ, ನಿಧಾನವಾಗಿ ಕುಡಿಯಲು ಐದರಲ್ಲಿ ಇದೇ ಮೇಲು.

ಅಮ್ಮ ಒಳಗೆ ಮಲಗಲು ಹೋಗುವ ಮುಂಚೆ ಲೇಟ್ ಹಾರ್ವೆಸ್ಟ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ತಳದಲ್ಲಿ ಎರಡು ಬೆರಳಷ್ಟು ಇತ್ತು. "ಇದನ್ನ ಯಾರೂ ಮುಟ್ಟಬೇಡಿ, ನಾಳೆ ಅಕ್ಕ ಬರ್ತಾಳೆ, ಅವಳಿಗೂ ಒಂದು ಗುಟುಕು ಇರಲಿ" ಅಂತ ಹೇಳಿ ಫ್ರಿಜ್‌ನಲ್ಲಿ ಮೊಸರಿನ ಪಾತ್ರೆಯ ಹಿಂದೆ ಇಟ್ಟು ಬಂದರು.