ಮಾದರಿ ರೈಲಿಗೆ ಡೆಕಲ್ ಅಂಟಿಸುವ ಎರಡು ದ್ರಾವಣಗಳು

ಹುಬ್ಬಳ್ಳಿ ಡೀಸೆಲ್ ಶೆಡ್ಡಿನ ಡಬ್ಲ್ಯುಡಿಜಿ-4 ಎಂಜಿನ್ನಿನ 1:87 ಅಳತೆಯ ಮಾದರಿಗೆ ನಾನೇ ಬಣ್ಣ ಬಳಿದು, ಅದರ ಮೈಮೇಲೆ ‘ಯುಬಿಎಲ್’ ಎಂಬ ಶೆಡ್ಡಿನ ಗುರುತಿನ, ಸಂಖ್ಯೆಯ ಡೆಕಲ್‌ಗಳನ್ನು (ನೀರಿನಲ್ಲಿ ನೆನೆಸಿ ಕಾಗದದಿಂದ ಜಾರಿಸಿ ಅಂಟಿಸುವ, ತೆಳುಪೊರೆಯ ಮೇಲಿನ ಅಚ್ಚುಗಳನ್ನು) ಕೂರಿಸಲೆಂದು ಮೈಕ್ರೋ ಸೆಟ್ ಹಾಗೂ ಮೈಕ್ರೋ ಸಾಲ್ ಎಂಬ ದ್ರಾವಣಗಳನ್ನು ತರಿಸಿಕೊಂಡೆ.

ನೀಲಿ ಲೇಬಲ್ಲಿನ ಸೆಟ್ ವಿನೆಗರಿನಂತೆ ವಾಸನೆ ಬೀರುತ್ತದೆ. ಅದನ್ನು ಮೊದಲು ಮೇಲ್ಮೈಗೆ ಸವರಿ, ನೀರಿನಲ್ಲಿ ನೆನೆಸಿದ ಡೆಕಲನ್ನು ಕಾಗದದಿಂದ ಜಾರಿಸಿ ಇಟ್ಟರೆ, ಕುಂಚದ ತುದಿಯಿಂದ ಸರಿಪಡಿಸಿಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತದೆ. ಕೆಂಪು ಲೇಬಲ್ಲಿನ ಸಾಲ್ ಮಾತ್ರ ಎದೆ ಝಲ್ಲೆನಿಸುವ ವಸ್ತು. ಕೂರಿಸಿದ ಡೆಕಲ್ ಮೇಲೆ ಅದನ್ನು ಸವರಿದೊಡನೆ ತೆಳುಪೊರೆ ಹಪ್ಪಳದಂತೆ ಸುಕ್ಕುಗಟ್ಟುತ್ತದೆ; ಕೆಲಸ ಕೆಟ್ಟಿತೆಂದು ಬೆರಳು ಹಾಕಿದರೆ ನಿಜಕ್ಕೂ ಕೆಡುತ್ತದೆ, ಮುಟ್ಟದೆ ಬಿಟ್ಟರೆ ಒಣಗುತ್ತಾ ತಾನಾಗಿಯೇ ಚಪ್ಪಟೆಯಾಗಿ, ಬಾಗಿಲಿನ ಸಂದು ಮತ್ತು ಗಾಳಿಕಿಂಡಿಗಳ ಗೆರೆಗಳೊಳಗೆ ಇಳಿದು ಬಣ್ಣದಿಂದಲೇ ಬರೆದ ಅಕ್ಷರದಂತೆ ಕಾಣುತ್ತದೆ.

ಆದರೆ ಇವುಗಳಿಂದ ಎಲ್ಲವೂ ಸರಿಹೋಗುವುದಿಲ್ಲ. ಮೊದಲ ಸಲ ಹೊಳಪಿನ ವಾರ್ನಿಷ್ ಹಚ್ಚದೆ ಮ್ಯಾಟ್ ಬಣ್ಣದ ಮೇಲೆಯೇ ಅಂಟಿಸಿದ್ದರಿಂದ, ಒರಟು ಮೇಲ್ಮೈಯ ಕುಳಿಗಳಲ್ಲಿ ಗಾಳಿ ಸಿಕ್ಕಿಕೊಂಡು ಅಕ್ಷರಗಳ ಸುತ್ತ ಬೆಳ್ಳಿಯಂಥ ಮಸುಕು ಉಳಿದುಕೊಂಡಿತು. ತಪ್ಪು ನನ್ನದೇ. ಇನ್ನು ಊರಿನ ಅಂಗಡಿಯೊಂದರಲ್ಲಿ ಇಂಕ್‌ಜೆಟ್‌ನಿಂದ ಮುದ್ರಣ ಮಾಡಿಸಿದ ಡೆಕಲ್ ಹಾಳೆ, ಮೇಲೆ ವಾರ್ನಿಷ್ ಲೇಪನವಿಲ್ಲದ ಕಾರಣ, ನೀರಿಗೆ ಬಿದ್ದೊಡನೆ ಶಾಯಿ ಬಿಟ್ಟಿತು. ಸಾಮಾನ್ಯ ಇಂಕ್‌ಜೆಟ್‌ನಲ್ಲಿ ಬಿಳಿ ಶಾಯಿಯೇ ಇರದಿರುವುದರಿಂದ ಬಿಳಿ ಅಕ್ಷರಗಳಿಗೆ ಅಲ್ಲಿಗೆ ಹೋಗುವುದೂ ವ್ಯರ್ಥ.

ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ ನಾನು ಸಾಲ್ ಕೊಳ್ಳುತ್ತೇನೆ. ಸಪಾಟಾದ ಗೂಡ್ಸ್ ವ್ಯಾಗನ್ನಿನ ಮೈಗೆ ಸೆಟ್ ಬದಲು ಬರೀ ನೀರೂ ನಡೆದೀತು.