ವಿಕಿಮೀಡಿಯ ಕಾಮನ್ಸ್: ಚಿತ್ರ ಏರಿಸಿದ ಮೇಲೆ ಬರುವ ಪುಟ

ಯಾರು ಬೇಕಾದರೂ ಬಳಸಬಹುದಾದ ಚಿತ್ರ, ಧ್ವನಿಗಳ ಜಾಲ ಭಂಡಾರವಾಗಿ 2004ರಲ್ಲಿ ಶುರುವಾದ ವಿಕಿಮೀಡಿಯ ಕಾಮನ್ಸ್‌ಗೆ ಫೋಟೋ, ರೇಖಾಚಿತ್ರ, ಧ್ವನಿಮುದ್ರಣ ಏರಿಸುವುದು ಸಲೀಸು. ಹಣ ಕೊಡಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ, ಒಂದು ಸಲಕ್ಕೆ 50 ಫೈಲ್ ಹಾಕಬಹುದು. ತಿಣುಕಾಟ ಶುರುವಾಗುವುದು ವಿವರ ತುಂಬುವ ಪುಟದಲ್ಲಿ. ಫೈಲ್ ಹೆಸರು, ಕ್ಯಾಪ್ಶನ್, ವಿವರಣೆ, ವರ್ಗ (ಒಂದೇ ಬಗೆಯ ಫೈಲುಗಳ ಗುಂಪು) ಎಂದು ಒಂದರ ಹಿಂದೊಂದು ಪೆಟ್ಟಿಗೆ ಬರುತ್ತವೆ. ಯಾವುದಕ್ಕೆ ಎಂಥ ಮಾತು ಬೇಕು ಅನ್ನುವುದು ಅಲ್ಲಿ ಬಿಡಿಸಿ ಹೇಳಿಲ್ಲ. ಹಾಗಾಗಿ ಬಹಳ ಜನ ಒಂದೇ ಸಾಲನ್ನು ಎಲ್ಲ ಕಡೆ ಅಂಟಿಸಿ ಎದ್ದುಬಿಡುತ್ತಾರೆ.

ಫೈಲ್ ಹೆಸರಿನಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅದನ್ನು ಆಮೇಲೆ ನೀವೇ ಬದಲಿಸಲು ಬರುವುದಿಲ್ಲ. ಕೋರಿಕೆ ಹಾಕಿ, ಆ ಅಧಿಕಾರ ಇರುವ ಸದಸ್ಯರು ನೋಡುವವರೆಗೆ ಕಾಯಬೇಕು. ಕ್ಯಾಮೆರಾ ಕೊಟ್ಟ 'ಐಎಂಜಿ' ಮತ್ತು ನಾಲ್ಕು ಅಂಕಿಯಂಥ ಹೆಸರನ್ನು ಜಾಲತಾಣವೇ ತಳ್ಳಿಹಾಕುತ್ತದೆ, ಅದು ಒಳ್ಳೆಯದೇ. ಹೆಸರಿನ ಮಿತಿ 240 ಬೈಟ್ (ಕಂಪ್ಯೂಟರ್ ಪಠ್ಯವನ್ನು ಅಳೆಯುವ ಘಟಕ). ಕಂಪ್ಯೂಟರ್ ಬಿಡಿಯಾಗಿ ಎಣಿಸುವ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಒತ್ತಕ್ಷರ, ಗುಣಿತ ಚಿಹ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. ಕಣ್ಣಿಗೆ ಒಂದೇ ಅಕ್ಷರವಾದ 'ಸ್ತ್ರೀ'ಯೊಳಗೆ 6 ಸಂಕೇತ, ಅಂದರೆ 18 ಬೈಟ್. ಉದ್ದದ ಹೆಸರು ತಿರಸ್ಕೃತವಾದಾಗ ಜನ ಇಂಟರ್ನೆಟ್ಟನ್ನು ಬೈಯುವುದು ಇದು ಗೊತ್ತಿಲ್ಲದೆ. ಒಂದು ರೇಖಾಚಿತ್ರಕ್ಕೆ 'ತಂತಿಯ ಮೇಲೆ ಕಾಗೆ' ಎಂದು ಹೆಸರಿಟ್ಟರೆ 41 ಬೈಟ್ ಅಷ್ಟೇ. ಅದರ ಮುಂದೆ 'ಕಪ್ಪು ಇಂಕಿನ ರೇಖಾಚಿತ್ರ' ಎಂದು ಸೇರಿಸಿದರೂ ಧಾರಾಳ ಜಾಗ ಉಳಿಯುತ್ತದೆ. 'ಏಕಾಂಗಿ', 'ಮೌನ' ಎಂಬ ಹೆಸರು ಪ್ರದರ್ಶನದ ಗೋಡೆಗೆ ಒಪ್ಪೀತು, ಇಲ್ಲಿ ಹುಡುಕುವವನಿಗೆ ಸಿಗದು.

ಕ್ಯಾಪ್ಶನ್‌ಗೆ 250 ಅಕ್ಷರಗಳ ಮಿತಿ, ಕೊಂಡಿ ಹಾಕುವಂತಿಲ್ಲ. ಕಣ್ಣಿಗೆ ಕಾಣುವುದನ್ನಷ್ಟೇ ಒಂದು ವಾಕ್ಯದಲ್ಲಿ ಬರೆಯಿರಿ: 'ವಿದ್ಯುತ್ ತಂತಿಯ ಮೇಲೆ ಎಡಕ್ಕೆ ಮುಖ ಮಾಡಿ ಕೂತ ಕಾಗೆ'. ಯಾವ ಕಾಗದ, ಯಾವ ನಿಬ್ಬು, ಯಾವ ವರ್ಷ, ಯಾಕೆ ಬರೆದದ್ದು ಎಂಬುದೆಲ್ಲ ವಿವರಣೆಗೆ. ಎರಡಕ್ಕೂ ಒಂದೇ ಪಠ್ಯ ಸಾಕು ಎಂದು ಟಿಕ್ ಹಾಕುವ ಸೌಲಭ್ಯವನ್ನು ಕೊಡದಿದ್ದರೇ ಚೆನ್ನಾಗಿತ್ತು. ಇನ್ನೊಂದು ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ: ಕ್ಯಾಪ್ಶನ್‌ನ ಪಠ್ಯ ಎಲ್ಲ ಹಕ್ಕು ಬಿಟ್ಟುಕೊಡುವ ಸಿಸಿ0 ಅಡಿ ಹೋಗುತ್ತದೆ, ಯಾರು ಬೇಕಾದರೂ ನಿಮ್ಮ ಹೆಸರು ಹೇಳದೆ ಬಳಸಬಹುದು. ವಿವರಣೆಗೆ ಸಿಸಿ ಬೈ-ಎಸ್‌ಎ ಎಂಬ ಪರವಾನಗಿ ಅನ್ವಯ, ಅಲ್ಲಿ ಹೆಸರು ಹೇಳಬೇಕು. ಚಿತ್ರದ ಜೊತೆ ನಾಲ್ಕು ಸಾಲಿನ ಸ್ವಂತ ಪದ್ಯವಿದ್ದರೆ ಅದು ಎಲ್ಲಿರಬೇಕೆಂದು ಇದರಿಂದಲೇ ತಿಳಿಯುತ್ತದೆ.

ಈ ಸೇವೆಯ ನಿಜವಾದ ಹೆಚ್ಚುಗಾರಿಕೆ 'ಚಿತ್ರದಲ್ಲಿ ಏನಿದೆ' ಎಂದು ಗುರುತಿಸುವ ವ್ಯವಸ್ಥೆ. ಇಲ್ಲಿ ಪದ ಬರೆಯುವುದಿಲ್ಲ, ವಿಕಿಡೇಟಾ ಎಂಬ ಸೋದರ ದತ್ತಾಂಶ ಭಂಡಾರದ ಪಟ್ಟಿಯಿಂದ ಆರಿಸುತ್ತೀರಿ. 'ಕಾಗೆ' ಆರಿಸಿದರೆ, ಬೇರೆ ಭಾಷೆಯ ಓದುಗರಿಗೆ ಅವರವರ ಭಾಷೆಯ ಹೆಸರೇ ಕಾಣುತ್ತದೆ, ಆ ಭಾಷೆಯಲ್ಲಿ ಯಾರಾದರೂ ಹೆಸರು ತುಂಬಿರಬೇಕು ಅಷ್ಟೆ. ಎಡವುವುದು ಎರಡು ಕಡೆ. ಅದೇ ಹೆಸರಿನ ಸಿನಿಮಾ, ಪುಸ್ತಕ, ಊರು ಕೂಡ ಪಟ್ಟಿಯಲ್ಲಿರುತ್ತವೆ. ಹೆಸರಿನ ಕೆಳಗಿನ ಸಣ್ಣ ಸಾಲನ್ನು ಓದದೆ ಒತ್ತಬೇಡಿ. ಎರಡನೆಯದು, 'ರೇಖಾಚಿತ್ರ'ವನ್ನೂ ಇಲ್ಲಿಯೇ ಸೇರಿಸುವುದು. ಚಿತ್ರದೊಳಗೆ ಕಾಗೆ ಇದೆ, ತಂತಿ ಇದೆ. ರೇಖಾಚಿತ್ರದೊಳಗೆ ಇನ್ನೊಂದು ರೇಖಾಚಿತ್ರ ಇಲ್ಲವಲ್ಲ!

ವರ್ಗಗಳ ಹೆಸರು ಬಹುತೇಕ ಇಂಗ್ಲಿಷಿನಲ್ಲೇ ಇವೆ, ಇದು ಕನ್ನಡದಲ್ಲಿ ಬಳಸುವವರಿಗೆ ತೊಡಕು. ಇದ್ದುದರಲ್ಲಿ ಅತ್ಯಂತ ನಿರ್ದಿಷ್ಟವಾದುದನ್ನು ಹಾಕಿ. ಕಾಗೆಯ ವರ್ಗ ಹಾಕಿದ ಮೇಲೆ ಹಕ್ಕಿಗಳ ವರ್ಗವನ್ನೂ ಹಾಕಿದರೆ ಯಾರಾದರೂ ಬಂದು ತೆಗೆಯುತ್ತಾರೆ.

ತಪ್ಪಾಗಿ ಬಳಸಿದರೆ ಫೈಲುಗಳೇ ಅಳಿಸಿಹೋಗುವಂತೆ ಮಾಡುವ ಪದ 'ಸ್ವಂತ ಕೃತಿ'. ಬೇರೆಯವರ ಚಿತ್ರಕಲೆಯ ಫೋಟೋ ನೀವು ತೆಗೆದರೆ ಕ್ಲಿಕ್ಕಿಸಿದ್ದು ಮಾತ್ರ ನಿಮ್ಮದು, ಕೃತಿಯ ಹಕ್ಕು ಕಲಾವಿದರದು. 'ವಾಣಿಜ್ಯ ಬಳಕೆ ಬೇಡ', 'ಬದಲಾವಣೆ ಬೇಡ' ಎನ್ನುವ ಪರವಾನಗಿಗಳು ಇಲ್ಲಿ ನಡೆಯುವುದಿಲ್ಲ, ಕೊಟ್ಟ ಪರವಾನಗಿಯನ್ನು ಹಿಂದಕ್ಕೆ ಪಡೆಯಲೂ ಆಗದು. ಆ ಷರತ್ತು ಬೇಕೇಬೇಕು ಅನ್ನುವವರು ಚಿತ್ರವನ್ನು ಬೇರೆಡೆ ಇಡುವುದು ಮೇಲು.

ಒಟ್ಟಿಗೆ ಹಲವು ಫೈಲ್ ಹಾಕುವಾಗ ಮೊದಲನೆಯದರ ವಿವರವನ್ನು ಉಳಿದವಕ್ಕೂ ನಕಲಿಸಬಹುದು, ಹೆಸರಿಗೆ ಕ್ರಮಸಂಖ್ಯೆ ತಾನೇ ಕೂಡುತ್ತದೆ. ದಿನಾಂಕ, ವರ್ಗಗಳಿಗೆ ಅದು ಅನುಕೂಲ. ಕ್ಯಾಪ್ಶನ್ ನಕಲಿಸಿದರೆ ಮಾತ್ರ, ಗೂಬೆಯ ಕೆಳಗೂ ಕಾಗೆ ಎಂದೇ ಇರುತ್ತದೆ.