ಮೂರು ಸ್ಟ್ರೋಗಾಫ್‌ಗಳು, ಒಬ್ಬಳೇ ತಾಯಿ

ಜೂಲ್ಸ್ ವರ್ನ್ 1876ರಲ್ಲಿ ಬರೆದ 'ಮೈಕೆಲ್ ಸ್ಟ್ರೋಗಾಫ್' ಕಥೆಯ ಮೂರು ಸಿನಿಮಾಗಳನ್ನು ಒಂದೇ ವಾರದಲ್ಲಿ ನೋಡಿದೆ. ಸೈಬೀರಿಯಾದಲ್ಲಿ ದಂಗೆ, ಟೆಲಿಗ್ರಾಫ್ ತಂತಿ ಕತ್ತರಿಸಿ ಹಾಕಿದ್ದಾರೆ. ಜಾರ್ ದೊರೆಯ ಪತ್ರ ಹಿಡಿದು ಸ್ಟ್ರೋಗಾಫ್ ಹೆಸರು ಮರೆಸಿಕೊಂಡು ಮಾಸ್ಕೋದಿಂದ ಇರ್ಕುಟ್ಸ್ಕ್‌ಗೆ ಹೊರಡುತ್ತಾನೆ, ಅಂದ್ರೆ 5,000 ಕಿಲೋಮೀಟರ್‌ಗೂ ಜಾಸ್ತಿ ದಾರಿ. ನಡುವೆ ಓಮ್ಸ್ಕ್‌ನಲ್ಲಿ ಹೆತ್ತ ತಾಯಿ ಎದುರಾಗಿ 'ಮಗನೇ' ಅಂತ ಕರೆದರೆ, ನೀವ್ಯಾರೋ ಗೊತ್ತಿಲ್ಲ ಅನ್ನಬೇಕು. ನನಗೆ ಸಿನಿಮಾ ಗೆಲ್ಲುವುದೂ ಸೋಲುವುದೂ ಅಲ್ಲೇ, ಕುದುರೆ ಓಟದಲ್ಲಲ್ಲ.

1956ರದ್ದು ಬಣ್ಣದ್ದು, ಅಗಲ ಪರದೆಯದ್ದು. ಯುಗೊಸ್ಲಾವಿಯಾದ ಬಯಲು, ಸಾಲು ಸಾಲು ಸವಾರರು, ಕಣ್ಣಿಗೆ ಹಬ್ಬ. ಆದರೆ ಕುರ್ಟ್ ಯೂರ್ಗೆನ್ಸ್ ಮೊದಲಿನಿಂದಲೂ ಮರದ ಹಾಗೆ ನಿಂತಿರ್ತಾನೆ, ತಾಯಿ ಎದುರು ಏನು ಅದುಮಿಟ್ಟುಕೊಂಡ ಅಂತ ಗೊತ್ತಾಗೋದೇ ಇಲ್ಲ. ಜೊತೆಗೆ ಕೂತಿದ್ದ ಅಮ್ಮ, "ಇವನಿಗೆ ಮೊದಲೇ ಮನೆ ನೆನಪಿದ್ದಂಗಿಲ್ಲ ಬಿಡು" ಅಂದರು.

1937ರ ಹಾಲಿವುಡ್ ಆವೃತ್ತಿ ಚುರುಕು, ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಇದನ್ನು ತಯಾರಿಸಿದ ಕಥೆ ತಮಾಷೆಯಾಗಿದೆ. ಆಂಟನ್ ವಾಲ್‌ಬ್ರೂಕ್ ಇದಕ್ಕೂ ಮೊದಲೇ ಜರ್ಮನ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಇದೇ ಪಾತ್ರ ಮಾಡಿದ್ದ, ಅಲ್ಲಿನ ಯುದ್ಧದ ದೃಶ್ಯಗಳನ್ನೇ ತಂದು ಇಲ್ಲಿ ಜೋಡಿಸಿದ್ದಾರೆ. ಅವನು ಒಳ್ಳೆಯ ನಟ, ತಾಯಿಯ ದೃಶ್ಯ ಚೆನ್ನಾಗಿದೆ. ಆದರೆ ಎದೆ ಭಾರ ಆಗುವಷ್ಟರಲ್ಲಿ ಕಥೆಯಲ್ಲಿ ಬರುವ ಇಬ್ಬರು ಪತ್ರಕರ್ತರು ಬಂದು ಜೋಕು ಹೊಡೀತಾರೆ, ಸಾಕಪ್ಪಾ ಅನ್ನಿಸುತ್ತದೆ.

1926ರ ಮೂಕಿ ಚಿತ್ರ ಹೆಚ್ಚೂಕಮ್ಮಿ ಮೂರು ಗಂಟೆ. ಮೊದಲರ್ಧ ನಿಧಾನ, ಎರಡು ರಾತ್ರಿ ತಗೊಂಡೆ. ನಿರ್ದೇಶಕ ತುರ್ಜಾನ್ಸ್ಕಿ, ನಾಯಕ ಇವಾನ್ ಮೊಜ್ಜುಖಿನ್, ಇಬ್ಬರೂ ಕ್ರಾಂತಿಯ ನಂತರ ರಷ್ಯಾ ಬಿಟ್ಟು ಫ್ರಾನ್ಸ್ ಸೇರಿದವರು. ರಷ್ಯಾದ ನಿರ್ದೇಶಕ ಕುಲೆಶೋವ್ ತನ್ನ ಸಂಕಲನದ ಪ್ರಯೋಗದಲ್ಲಿ ಸೂಪಿನ ಬಟ್ಟಲು, ಶವಪೆಟ್ಟಿಗೆಗಳ ದೃಶ್ಯಗಳ ಪಕ್ಕ ಜೋಡಿಸಿದ್ದು ಇದೇ ಮೊಜ್ಜುಖಿನ್ ಮುಖವನ್ನೇ. ಮುಖ ಬದಲಾಗಿಲ್ಲ, ನೋಡುವವರೇ ಅದರಲ್ಲಿ ಹಸಿವು, ದುಃಖ ಕಂಡರಂತೆ. ಓಮ್ಸ್ಕ್‌ನಲ್ಲಿ ಬೇಕಿರೋದು ಅಂಥ ಮುಖವೇ ಅಲ್ವಾ? ಮಾತಿಲ್ಲ, ಮುಖದ ಗೆರೆಯೊಂದೂ ಅಲುಗಲ್ಲ, ಆದರೂ ನೋಡ್ತಿದ್ದ ನನ್ನ ಗಂಟಲು ಕಟ್ಟಿತು. ಮುಂದೆ ತಾಯಿಗೆ ಚಾಟಿ ಎತ್ತಿದಾಗ ಅವನು ಸಿಡಿಯುವುದಕ್ಕೂ, ಕಾದ ಕತ್ತಿಯಿಂದ ಕಣ್ಣು ಸುಡಿಸಿಕೊಳ್ಳುವುದಕ್ಕೂ ಬೆಲೆ ಬರುವುದು ಈ ಮೌನದಿಂದಲೇ. ಆಮೇಲೆ ಏನಾಯ್ತು ಅಂತ ನಾನು ಹೇಳಲ್ಲ.

ಮನೆಮಂದಿಯೆಲ್ಲ ಕೂತು ನೋಡೋಕೆ 1956ರದ್ದೇ ಸರಿ, ಮಕ್ಕಳು ಮೂಕಿಗೆ ಎದ್ದು ಹೋಗ್ತಾರೆ. ನಾನಂತೂ 1926ರ ಓಮ್ಸ್ಕ್ ಭಾಗವನ್ನು ಮತ್ತೆರಡು ಸಲ ಹಿಂದಕ್ಕೆ ಓಡಿಸಿ ನೋಡಿದೆ.